ಮಗಳು ಚಿತ್ರ ಚೆನ್ನಾಗಿ ಬರೀತಾಳೆ, ಆರ್ಕಿಟೆಕ್ಚರ್‌ಗೆ ಸೇರಿಸಬಹುದಾ?

ಪಿಯುಸಿ ಫಲಿತಾಂಶದ ಹೊತ್ತಿಗೆ ಪರಿಚಯದವರೆಲ್ಲ ಆರ್ಕಿಟೆಕ್ಟ್ ಆದ ನನಗೆ ಕೇಳುವ ಪ್ರಶ್ನೆ ಇದು. ಜೊತೆಗೆ ಇನ್ನೊಂದು: "ಅದರ ಬದಲು ಸಿವಿಲ್ ಮಾಡಿದ್ರೆ ಆಗಲ್ವಾ ಸರ್?"

ಧಾರಾಳವಾಗಿ ಸೇರಿಸಿ. ಆದರೆ ಚಿತ್ರ ಬರುತ್ತದೆ ಎಂಬ ಕಾರಣವೊಂದೇ ಸಾಲದು. ಕೈಯನ್ನು ಕಾಲೇಜಿನಲ್ಲಿ ಪಳಗಿಸುತ್ತಾರೆ. ನಾನು ಕೇಳುವುದು, ಮನೆಯೊಳಗೆ ಜನ ಹೇಗೆ ಓಡಾಡುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಕೋಣೆಗೆ ಯಾರೂ ಹೋಗುವುದಿಲ್ಲ ಎಂಬುದು ಅವಳ ಕಣ್ಣಿಗೆ ಬೀಳುತ್ತದೆಯೇ ಎಂದು.

ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಅವಳಿಗೊಂದು ಅಳತೆ ಟೇಪು ಕೊಡಿಸಿ. ಇರುವ ಮನೆಯನ್ನೇ ಅಳೆದು, ಒಂದು ಮೀಟರಿಗೆ 2 ಸೆಂ.ಮೀ. ಲೆಕ್ಕದಲ್ಲಿ ಪ್ಲ್ಯಾನ್ ಬರೆಯಲಿ. ಗೋಡೆ ಎಷ್ಟು ದಪ್ಪ, ಕಿಟಕಿ ನೆಲದಿಂದ ಎಷ್ಟು ಮೇಲೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಎಲ್ಲವೂ ಬರಬೇಕು. ಮೆಟ್ಟಿಲನ್ನಂತೂ ಬಿಡಬಾರದು. ಎತ್ತರ 6 ಇಂಚು, ಕಾಲಿಡುವ ಅಗಲ 11 ಇಂಚು ಇದ್ದರೆ ಆರಾಮಾಗಿ ಹತ್ತಬಹುದು. ಜಾಗ ಉಳಿಸಲೆಂದು ಎತ್ತರವನ್ನು 8 ಇಂಚಿಗೆ ಏರಿಸಿದ್ದರೆ, ಮಂಡಿನೋವಿನ ಅಜ್ಜಿ ಮಹಡಿ ಹತ್ತುವುದನ್ನು ಯಾಕೆ ಬಿಟ್ಟರು ಎಂಬುದು ಆ ಎರಡು ಇಂಚಿನಲ್ಲೇ ಗೊತ್ತಾಗುತ್ತದೆ. ಊರಲ್ಲಿ ತೊಟ್ಟಿ ಮನೆಯಿದ್ದರೆ ಅದನ್ನೂ ಅಳೆಯಲಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ: ಬೆಳಕು, ಗಾಳಿ, ಮಳೆನೀರು ಮೂರಕ್ಕೂ ಅಲ್ಲೇ ದಾರಿ. ಅದನ್ನು ಕಟ್ಟಿದವರು ಯಾವ ಕಾಲೇಜಿಗೂ ಹೋದವರಲ್ಲ!

ಸಿವಿಲ್ ಬೇರೆ, ಇದು ಬೇರೆ. ಕಟ್ಟಡ ಭದ್ರವಾಗಿ ನಿಲ್ಲುವ ಲೆಕ್ಕ ಅವರದು. ಒಳಗಿರುವವರ ಬದುಕು ಹಸನಾಗಿರುವಂತೆ ನೋಡಿಕೊಳ್ಳುವುದು ನಮ್ಮದು. ಕೆಲವೊಮ್ಮೆ ಎರಡೂ ಒಂದೇ ಗೋಡೆಯಲ್ಲಿ ಕೂಡುತ್ತವೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಬಳಕೆಗೆ ತಂದ 'ರ‍್ಯಾಟ್ ಟ್ರ್ಯಾಪ್ ಬಾಂಡ್' ನೋಡಿ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ, ಗೋಡೆಯ ನಡುವೆ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಒಳಗೆ ಬಿಸಿಲಿನ ಕಾವೂ ಕಡಿಮೆ. ಬಡವರ ಮನೆಗೆ ಇದಕ್ಕಿಂತ ದೊಡ್ಡ ವಿನ್ಯಾಸ ಯಾವುದಿದೆ?

ಬೆಂಗಳೂರಿನವರು ಅನುಮತಿ ಸಿಕ್ಕರೆ ಮಕ್ಕಳನ್ನು ಬನ್ನೇರುಘಟ್ಟ ರಸ್ತೆಯ ಐಐಎಂಗೆ ಕರೆದುಕೊಂಡು ಹೋಗಿ. ಬಿ.ವಿ. ದೋಶಿಯವರ ವಿನ್ಯಾಸ. 2018ರಲ್ಲಿ ಆರ್ಕಿಟೆಕ್ಚರ್ ಜಗತ್ತಿನ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಅವರು ಆ ಗೌರವ ಪಡೆದ ಮೊದಲ ಭಾರತೀಯ. ಬೂದುಬಣ್ಣದ ಕಲ್ಲಿನ ಗೋಡೆಗಳ ನಡುವಿನ ಉದ್ದನೆಯ ಓಣಿಗಳಲ್ಲಿ ನಡೆಯುವಾಗ ಬಿಸಿಲು ಒಮ್ಮೆ ಮೈಮೇಲೆ ಬೀಳುತ್ತದೆ, ಒಮ್ಮೆ ಮರೆಯಾಗುತ್ತದೆ. ನಿಂತು ಮಾತಾಡಲು ಅಲ್ಲಲ್ಲಿ ಜಾಗ. ಫೋಟೊದಲ್ಲಿ ಇದು ಸಿಗುವುದಿಲ್ಲ.

ಉಳಿದ ವಿವರ ಚಿಕ್ಕದು. ಪಿಯುಸಿಯಲ್ಲಿ ಗಣಿತ ಓದಿರಬೇಕು, ನಾಟಾದಂಥ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬರೆಯಬೇಕು, ಕೋರ್ಸು 5 ವರ್ಷದ್ದು. ಶುರುವಿನ ಸಂಬಳ ಸಾಫ್ಟ್‌ವೇರ್‌ನವರಷ್ಟು ಇರುವುದಿಲ್ಲ, ಇದನ್ನು ಮಗಳಿಗೆ ಈಗಲೇ ಹೇಳಿಬಿಡಿ. ಅಳೆಯುವುದರಲ್ಲೇ ಬೇಜಾರು ಬಂದರೆ ಬಲವಂತ ಬೇಡ. ಪ್ಲ್ಯಾನ್ ಮುಗಿಸಿ, "ಅಪ್ಪಾ, ಅಡುಗೆಮನೆ ಕಿಟಕಿ ಈ ಗೋಡೆಗಿದ್ದಿದ್ರೆ ಚೆನ್ನಾಗಿರ್ತಿತ್ತು" ಅಂದರೆ ಅರ್ಜಿ ತುಂಬಿಸಿ.