ಮೊಟ್ಟೆಯ ಬಿಳಿ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಒಂದು ಕೋಳಿಮೊಟ್ಟೆ.

ಮುಂಬಯಿಯ ಫೋರ್ಟಿನ ನಮ್ಮ ರಾತ್ರಿ ಶಾಲೆಗೆ ಬರುವಾಗ ನಾನು ಹಗಲಲ್ಲಿ ಉಡುಪಿ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದೆ. ವಿಜ್ಞಾನದ ಮಾಷ್ಟ್ರು ಕುಂದಾಪುರದ ಕಡೆಯವರು, ಹಗಲು ಬಂದರಿನಲ್ಲಿ ಗುಮಾಸ್ತರು. ಒಂದು ದಿನ ಎದುರಿನ ಇರಾನಿ ಹೋಟೆಲಿನಿಂದ ಮೊಟ್ಟೆ ತಂದು ನನ್ನ ಕೈಗಿಟ್ಟರು. ಸೇಠ್‌ಗೆ ಗೊತ್ತಾದರೆ ಕೆಲಸ ಹೋದೀತು ಎಂದು ನಾನು ನಡುಗಿದೆ. "ಹೆದ್ರ್‌ಬೇಡ ಮಾಣಿ, ಇದ್ ತಿಂಬುಕಲ್ಲ, ಕಾಂಬುಕೆ" ಎಂದರು. ಬಿಳಿಯನ್ನು ನೀರಿಗೆ ಬೆರೆಸಿ, ಗಾಜಿನ ಕೊಳವೆಗೆ ಹೊಯ್ದು, ಮೇಲ್ಭಾಗಕ್ಕಷ್ಟೇ ಸ್ಪಿರಿಟ್ ದೀಪದ ಉರಿ ತಾಗಿಸಿದರು. ಕೆಳಗೆ ತಿಳಿಯಾಗಿಯೇ ಉಳಿಯಿತು, ಮೇಲೆ ಹಾಲು ಒಡೆದಂತಾಯಿತು. ಪರೀಕ್ಷೆಗೆ ಆ ಪ್ರಶ್ನೆ ಬರಲಿಲ್ಲ.

ಲ್ಯಾಬ್ ಕೆಲಸದ ಡಿಪ್ಲೊಮಾ ಡಿ.ಎಂ.ಎಲ್.ಟಿ. ಹೇಗೆ ಮುಗಿಸಿದೆ ಎಂಬುದು ಬೇರೆ ಕತೆ. ಮುಂದೆ ಮಕ್ಕಳ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂತ್ರಪಿಂಡದ ವಿಭಾಗ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಏಳುವಾಗ ಕಣ್ಣು ಊದಿಕೊಂಡ, ನೊರೆನೊರೆಯಾಗಿ ಮೂತ್ರ ಹೋಗುವ ಮಕ್ಕಳು. ನೆಫ್ರೋಟಿಕ್ ಸಿಂಡ್ರೋಮ್ ಎಂದರೆ ಮೂತ್ರಪಿಂಡದ ಜರಡಿ ಸಡಿಲಾಗಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುವುದು. ಆ ಮೂತ್ರ ಕಾಯಿಸಿದರೆ ಆಗುವುದೂ ಮಾಷ್ಟ್ರ ಮೊಟ್ಟೆಗೆ ಆದದ್ದೇ!

ನಮ್ಮ ಡಾಕ್ಟರ್ ಮೇಡಂ ಸಂಶೋಧನೆಯಲ್ಲಿ ಮುಳುಗಿದವರು. ಆದರೆ ಅವರ ಸಂಶೋಧನೆಯ ಅರ್ಧ ಭಾಗ ನಡೆಯುತ್ತಿದ್ದುದು ಚಾಳಿನ ಅಡುಗೆಮನೆಗಳಲ್ಲಿ. ಒಬ್ಬೊಬ್ಬ ತಾಯಿಗೂ ಒಂದು ಕೊಳವೆ, ಪ್ರೋಟೀನ್ ಇದ್ದರೆ ಮೂತ್ರವನ್ನು ಕದಡಿಸುವ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಪುಟ್ಟ ಬಾಟಲಿ, ಒಂದು ನೋಟ್‌ಬುಕ್. ದಿನವೂ ಬೆಳಗಿನ ಮೂತ್ರಕ್ಕೆ ಕೆಲವು ಹನಿ ಹಾಕಿ, ಕೊಳವೆಯ ಹಿಂದೆ ಪೇಪರ್ ಹಿಡಿದು ನೋಡಬೇಕು. ಅಚ್ಚಿನ ಅಕ್ಷರ ಸ್ಪಷ್ಟವಾಗಿದ್ದರೆ ಸೊನ್ನೆ; ಮಸುಕಾದರೆ ಒಂದೋ ಎರಡೋ ಪ್ಲಸ್; ಕಾಣದೇ ಹೋದರೆ ಮೂರು; ಮೊಸರಿನಂತೆ ಗಡ್ಡೆ ಕಟ್ಟಿದರೆ ನಾಲ್ಕು. ಸತತ ಮೂರು ದಿನ ಮೂರು ಪ್ಲಸ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ರೋಗ ಮರುಕಳಿಸಿದೆ ಎಂದು ಲೆಕ್ಕ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮತ್ತೆ ಶುರು. ಕಲಿಸುವ ಕೆಲಸ ನನ್ನದು. ನನ್ನ ಬಳಿ ಇರುತ್ತಿದ್ದುದು ಕನ್ನಡ ಪತ್ರಿಕೆ ಕರ್ನಾಟಕ ಮಲ್ಲ. "ನನಗೆ ಕನ್ನಡ ಬರುವುದಿಲ್ಲ" ಎಂದು ಒಬ್ಬ ಮರಾಠಿ ತಾಯಿ ಸಂಕೋಚಪಟ್ಟರು. ಓದುವುದು ಬೇಡ ತಾಯಿ, ಕಾಣುತ್ತದೋ ಇಲ್ಲವೋ ಅಷ್ಟೇ ಹೇಳಿ ಎಂದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ವಾರದಲ್ಲಿ ನನಗಿಂತ ಚುರುಕಾಗಿ ಹೇಳುತ್ತಿದ್ದರು. ಮಳೆಗಾಲದ ಪುಟಗಳಲ್ಲಿ ನೆಗಡಿ ಕೆಮ್ಮಿನ ಬೆನ್ನಿಗೇ ಪ್ಲಸ್ಸುಗಳ ಸಾಲು ಬರುವುದನ್ನು ಮೇಡಂ ಬೆರಳಿಟ್ಟು ತೋರಿಸುತ್ತಿದ್ದರು.

ಹೆಚ್ಚಿನ ಮಕ್ಕಳು ಸ್ಟೀರಾಯ್ಡಿಗೆ ಬಗ್ಗುತ್ತಾರೆ. ಬಗ್ಗದ ಕೆಲವರಿಗೆ ಡಯಾಲಿಸಿಸ್, ಆಮೇಲೆ ಕಸಿ. ಕಸಿ ಆದರೂ ನಿಶ್ಚಿಂತೆಯಿಲ್ಲ. ದೇಹದ ಪ್ರತಿರೋಧ ತಗ್ಗಿಸುವ ಟ್ಯಾಕ್ರೋಲಿಮಸ್ ಕಡಿಮೆಯಾದರೆ ದೇಹ ಹೊಸ ಮೂತ್ರಪಿಂಡವನ್ನು ಒಲ್ಲೆನ್ನುತ್ತದೆ, ಹೆಚ್ಚಾದರೆ ಔಷಧವೇ ಅದನ್ನು ಕೆಡಿಸುತ್ತದೆ. ಅದಕ್ಕೇ ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆಯಲು ಬೆಳಗಿನ ಗುಳಿಗೆಗೆ ಮೊದಲು ರಕ್ತ ತೆಗೆಯಬೇಕು. ಒಮ್ಮೆ ಒಬ್ಬ ಹುಡುಗನಿಗೆ ಗುಳಿಗೆ ನುಂಗಿದೆಯೇನೋ ಎಂದು ಕೇಳದೆ ಸೂಜಿ ಚುಚ್ಚಿಬಿಟ್ಟೆ. ಅಂಕಿ ವಿಪರೀತ ಮೇಲೆ ಬಂತು. ಮೇಡಂ ಡೋಸ್ ಇಳಿಸಲು ಪೆನ್ ಎತ್ತಿದವರು, ಏನೋ ಅನುಮಾನ ಬಂದು ತಾಯಿಯನ್ನೇ ಕೇಳಿದರು. ಏಳು ಗಂಟೆಗೇ ಕೊಟ್ಟಾಗಿತ್ತಂತೆ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಆವತ್ತು ಊಟ ಸೇರುತ್ತಿತ್ತು.

ಒಂದು ಸಂಜೆ ಮಾತ್ರ ಬರೆಯಲೇಬೇಕು. ಎಫ್‌ಎಸ್‌ಜಿಎಸ್ ಎಂಬ ಕಾಯಿಲೆಯಿಂದ ಮೂತ್ರಪಿಂಡ ಕಳೆದುಕೊಂಡ ಹುಡುಗಿ. ಮೂತ್ರಪಿಂಡ ಕೊಟ್ಟವರು ಅವಳ ಅಜ್ಜಿ. 1994ರ ಅಂಗಾಂಗ ಕಸಿ ಕಾಯ್ದೆಯ ಹತ್ತಿರದ ಸಂಬಂಧಿಕರ ಪಟ್ಟಿಗೆ ಅಜ್ಜ ಅಜ್ಜಿಯರು ಸೇರಿದ್ದು 2011ರ ತಿದ್ದುಪಡಿಯಿಂದ. ಆದರೆ ಈ ಕಾಯಿಲೆಗೆ ಒಂದು ದುರ್ಬುದ್ಧಿಯಿದೆ: ಕೆಲವರಲ್ಲಿ ಕಸಿಯಾದ ಕೆಲವೇ ದಿನಗಳಲ್ಲಿ ಹೊಸದಕ್ಕೂ ಅಂಟಿಕೊಳ್ಳುತ್ತದೆ, ಮತ್ತೆ ಸೋರಿಕೆ. ದಿನವೂ ಮೂತ್ರ ನೋಡುತ್ತಿದ್ದೆವು.

ಐದನೆಯ ದಿನ ಅಜ್ಜಿಯೇ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಯಂತ್ರದ ರಿಪೋರ್ಟ್ ಬರಲು ಹೊತ್ತಿತ್ತು. ನಾನು ಹಳೆಯ ಕೊಳವೆ ತೊಳೆದು, ಹನಿ ಹಾಕಿ, ಮೇಜಿನ ಮೇಲಿದ್ದ ಪೇಪರಿನ ಮುಂದೆ ಹಿಡಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕೊಳವೆಯ ಆಚೆಗಿದ್ದ ಕ್ರಿಕೆಟ್ ಸ್ಕೋರು ಒಂದಂಕಿ ಬಿಡದೆ ಓದಲಿಕ್ಕೆ ಬಂತು.