ನಿನ್ನೆ ಏನು ತಿಂದೆ?

ಹಾಸ್ಟೆಲ್‌ನಲ್ಲಿ ನ್ಯೂಟ್ರಿಷನ್ ಓದುವ ಅಕ್ಕ ಒಬ್ಬರು ಪ್ರಾಜೆಕ್ಟ್‌ಗೆ ಅಂತ ನನ್ನನ್ನು ಹಿಡಿದು ಕೂರಿಸಿದರು. ಹಿಂದಿನ 24 ಗಂಟೆಯಲ್ಲಿ ಬಾಯಿಗೆ ಹೋದದ್ದನ್ನೆಲ್ಲ ಹೇಳಬೇಕಂತೆ.

ಬೆಳಿಗ್ಗೆ ಏನೂ ಇಲ್ಲ. ಹನ್ನೊಂದಕ್ಕೆ ದರ್ಶಿನಿಯಲ್ಲಿ ನಿಂತುಕೊಂಡೇ ರೈಸ್ ಬಾತ್, ಬೈ ಟು ಕಾಫಿ. ಮಧ್ಯಾಹ್ನ ಪಫ್ಸ್. ರಾತ್ರಿ ಗೋಬಿ ಮಂಚೂರಿ.

"ತರಕಾರಿ?"

"ಗೋಬಿ ತರಕಾರಿನೇ ಅಲ್ವಾ ಅಕ್ಕ?"

ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಅಳತೆಯ ಬಟ್ಟಲು, ಚಮಚ ಮುಂದಿಟ್ಟು ಚಟ್ನಿ ಎಷ್ಟು ಅಂತಲೂ ಕೇಳಿದರು!

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ. ನನ್ನ ಲೆಕ್ಕದಲ್ಲಿ ಗೋಬಿ ಬಿಟ್ಟರೆ ರೈಸ್ ಬಾತ್‌ನ ನಾಲ್ಕು ಬೀನ್ಸ್ ಚೂರು.

ಅಮ್ಮನೂ ದಿನಾ ಫೋನಲ್ಲಿ ಇದನ್ನೇ ಕೇಳುತ್ತಾಳೆ. "ಊಟ ಆಯ್ತಾ?" "ಆಯ್ತು." ಅಷ್ಟಕ್ಕೇ ಮುಗಿಯುತ್ತದೆ. ಬಟ್ಟಲು ಹಿಡಿದು ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ.

ಒಂದು ದಿನದ ಲೆಕ್ಕ ಸಾಲದಂತೆ, ಭಾನುವಾರದ್ದೂ ಬೇಕಂತೆ. ಅದಕ್ಕೇ ಇವತ್ತು ಗಾಂಧಿ ಬಜಾರ್‌ನಿಂದ ಸೀಬೆಹಣ್ಣು ತಂದಿಟ್ಟಿದ್ದೇನೆ. ಇದು ಒಂಥರಾ ಕಾಪಿ ಹೊಡೆದ ಹಾಗೇ, ಗೊತ್ತು. ಅದಕ್ಕೆ ಹಚ್ಚುವ ಉಪ್ಪು ಖಾರವನ್ನೂ ಬರೆಸಬೇಕಾ ಅನ್ನೋದೇ ಈಗಿನ ಚಿಂತೆ.