ಬಾಲಾ? ಸ್ಟ್ರೈಕಾ?

ಸಿನ್ಸಿನಾಟಿ, ಜೂನ್ 17, 2023, ಶನಿವಾರ ರಾತ್ರಿ

ಅಪ್ಪನ ಕಿವಿ ಮಷೀನು ಮತ್ತೆ ಡಬ್ಬಿ ಸೇರಿದೆ. ಬೆಳಿಗ್ಗೆ ಬ್ಯಾಟರಿ ಹಾಕಿ ನಾನೇ ಕೈಗೆ ಕೊಟ್ಟಿದ್ದೆ. ಮಧ್ಯಾಹ್ನ ನೋಡಿದರೆ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಪಕ್ಕ. ಕೇಳಿದರೆ "ಕಿವಿಯೊಳಗೆ ಜೀರುಂಡೆ ಕೂತ ಹಾಗಾಗುತ್ತೆ ಪುಟ್ಟೀ" ಅನ್ನುತ್ತಾರೆ.

ಸಂಜೆ ಪಕ್ಕದ ಬೀದಿಯವರು ಬಂದಿದ್ದರು. "ಊರಿಗೆ ಯಾವಾಗ ವಾಪಸ್ಸು ಅಂಕಲ್?" ಅಂದರು. ಅಪ್ಪ ನಗುತ್ತಾ "ಆಯ್ತು, ಆಯ್ತು, ಈಗ ತಾನೇ ಆಯ್ತು" ಅಂದರು. ಊಟದ ವಿಚಾರ ಅಂದುಕೊಂಡಿದ್ದಾರೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಯಾಕೆ ಅಂತ ಗೊತ್ತಿಲ್ಲದೆ. ನನಗೆ ಮಾತ್ರ ಕಾಫಿ ಲೋಟ ತೆಗೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಬೇಕಾಯಿತು.

ಅವರು ಹೋದ ಮೇಲೆ ಟಿವಿ ಹಾಕಿದೆ. ಇಲ್ಲಿನ ಬೇಸ್‌ಬಾಲ್ ತಂಡ ರೆಡ್ಸ್ ಆಟ. ಸಿಟ್ಟಿಗೆ ಸೌಂಡೇ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ, "ಆ ಹಿಂದೆ ನಿಂತವನು ಯಾಕೆ ಕೈ ಎತ್ತಿದ್ದು? ಔಟಾ?"

"ಅಲ್ಲಪ್ಪಾ, ಸ್ಟ್ರೈಕು! ಹೊಡೆಯೋ ಜಾಗಕ್ಕೆ ಬಂದ ಚೆಂಡು ಬಿಟ್ಟ!"

"ಆಗ ಸುಮ್ನಿದ್ದನಲ್ಲ?"

"ಅದು ಬಾಲು, ನಮ್ಮ ವೈಡ್ ಥರ! ನಾಲ್ಕು ಬಾಲಾದ್ರೆ ಫ್ರೀಯಾಗಿ ನಡೀಬಹುದು, ಮೂರು ಸ್ಟ್ರೈಕಾದ್ರೆ ಔಟು!"

"ಕಿರುಚಬೇಡ. ಕೈ ನೋಡಿದ್ರೆ ಗೊತ್ತಾಗುತ್ತೆ ಬಿಡು" ಅಂದರು. ಆಮೇಲೆ ತಾವೇ ಬೆರಳು ಮಡಚಿ ಲೆಕ್ಕ ಇಡತೊಡಗಿದರು. ಒಂದೂ ತಪ್ಪಲಿಲ್ಲ. ಎಷ್ಟಾದರೂ ವಿಶ್ವನಾಥ್ ಕಾಲದಿಂದ ಅಂಪೈರ್ ಕೈ ನೋಡಿದವರಲ್ಲವಾ.

ಆಗಲೇ ನನಗೆ ಹೋಯ್ ನೆನಪಾಗಿದ್ದು. ವಿಲಿಯಂ ಹೋಯ್, ಹಳೇ ಕಾಲದ ಬೇಸ್‌ಬಾಲ್ ಆಟಗಾರ. ಹುಟ್ಟಿದ್ದು ಇದೇ ಒಹಾಯೋದ ಹೂಕ್‌ಟೌನ್ ಅನ್ನುವ ಹಳ್ಳಿಯಲ್ಲಿ, 1862ರಲ್ಲಿ. ಮೂರು ವರ್ಷಕ್ಕೆ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವು. ಕೊಲಂಬಸ್‌ನ ಕಿವುಡರ ಶಾಲೆಯಲ್ಲಿ ಕ್ಲಾಸಿಗೇ ಮೊದಲು. ಆಮೇಲೆ ಚಪ್ಪಲಿ, ಬೂಟು ಹೊಲಿಯುವ ಅಂಗಡಿ. ಅಲ್ಲಿಂದ ಬೇಸ್‌ಬಾಲ್‌ಗೆ. 1888ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದ ಮೊದಲ ವರ್ಷವೇ 82 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸಿಗೆ ಓಡಿ ಸೇರಿದ, ಇಡೀ ಲೀಗಿಗೇ ಜಾಸ್ತಿ.

ಕಿರುಚಿ ಗಂಟಲು ಹೋಗಿತ್ತು. ಕರೆಂಟ್ ಬಿಲ್ಲಿನ ಕವರ್ ಹಿಂದೆ ಇದನ್ನೆಲ್ಲ ಬರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ಓದಿದರು. ಓದಿ ಕೇಳಿದ್ದು ಒಂದೇ ಪ್ರಶ್ನೆ.

"ಮೇಲೆ ಹೋದ ಚೆಂಡಿಗೆ ಇಬ್ಬರು ಓಡಿ ಬಂದ್ರೆ? ಡಿಕ್ಕಿ ಹೊಡೀತಾರಲ್ಲೋ?"

ನಾನು ಯಾವತ್ತೂ ಯೋಚಿಸದ ಪ್ರಶ್ನೆ ಇದು, ಆದರೆ ಉತ್ತರ ಎಲ್ಲೋ ಓದಿದ್ದೆ. ಹೋಯ್ ನಿಲ್ಲುತ್ತಿದ್ದುದು ಸೆಂಟರ್ ಫೀಲ್ಡಿನಲ್ಲಿ. ಚೆಂಡು ತನ್ನದು ಅಂತ ಅನ್ನಿಸಿದರೆ ಗಂಟಲಿನಿಂದ ಒಂದು ಸಣ್ಣ ಕೀರಲು ಸದ್ದು ಮಾಡುತ್ತಿದ್ದನಂತೆ. ಸದ್ದು ಬಂದರೆ ಮಿಕ್ಕವರು ದೂರ. ಬರದಿದ್ದರೆ ಅವರೇ ಹಿಡಿಯಬೇಕು. ಅಪ್ಪ "ಭೇಷ್" ಅಂದರು. ಆಮೇಲೆ ಮೆಲ್ಲಗೆ, "ಬೇರೆಯವರು ಕೂಗಿದ್ರೆ ಅವನಿಗೆ ಕೇಳ್ಸಲ್ಲ. ಅದಕ್ಕೇ ಕೂಗೋ ಹಕ್ಕು ಅವನೊಬ್ಬನಿಗೇ."

ಅವನನ್ನು ಎಲ್ಲರೂ ಕರೆಯುತ್ತಿದ್ದುದು 'ಡಮ್ಮಿ' ಹೋಯ್ ಅಂತ. ನಮ್ಮ ಕಡೆ ಮೂಗ ಅಂದ ಹಾಗೆ. ಇದನ್ನು ಕವರ್ ಮೇಲೆ ಬರೆಯಲಿಲ್ಲ.

1889ರ ಜೂನ್ 19ರಂದು ಒಂದೇ ಆಟದಲ್ಲಿ ಔಟ್‌ಫೀಲ್ಡಿನಿಂದ ಎಸೆದು ಮೂವರನ್ನು ಹೋಮ್ ಪ್ಲೇಟಿನಲ್ಲೇ, ಅಂದರೆ ರನ್ ಮುಗಿಸುವ ಜಾಗದಲ್ಲೇ, ಔಟ್ ಮಾಡಿಸಿದ್ದ. ಅದನ್ನು ಬರೆದಾಗ ಅಪ್ಪ ಹುಬ್ಬೇರಿಸಿದರು ಅಷ್ಟೇ. ಇಲ್ಲಿನ ರೆಡ್ಸ್‌ಗೂ ಆಡಿದ, 1902ರಲ್ಲಿ ದೊಡ್ಡ ಲೀಗ್ ಬಿಡುವಷ್ಟರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಹಿಟ್ಸ್. ಅಂಪೈರುಗಳು ಕೈಸನ್ನೆ ಮಾಡುವುದು ಇವನಿಂದಲೇ ಶುರುವಾಯಿತು ಅನ್ನುವವರಿದ್ದಾರೆ. ಹಳೆಯ ದಾಖಲೆ ಹುಡುಕಿದವರು ಅದನ್ನು ಒಪ್ಪುವುದಿಲ್ಲ. ನನಗೂ ಆ ಕಥೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ ಅನ್ನಿಸುತ್ತದೆ.

ಆದರೆ ಅದರ ಹಿಂದಿನ ಕಥೆ ಬೇರೆ. ಶುರುವಿನಲ್ಲಿ, ಓಶ್‌ಕೋಶ್ ತಂಡದಲ್ಲಿದ್ದಾಗ, ಒಂದೊಂದು ಎಸೆತಕ್ಕೂ ಬಾಲಾ ಸ್ಟ್ರೈಕಾ ಅಂತ ಹಿಂದೆ ತಿರುಗಿ ಅಂಪೈರನ್ನು ಕೇಳಬೇಕಿತ್ತು. ಅವನು ತಿರುಗಿ ಮತ್ತೆ ಸರಿಯಾಗಿ ನಿಲ್ಲುವಷ್ಟರಲ್ಲಿ ಪಿಚರ್ ಮುಂದಿನ ಚೆಂಡು ಎಸೆದುಬಿಡುತ್ತಿದ್ದ. ಕೊನೆಗೆ ಮೂರನೇ ಬೇಸಿನ ಹತ್ತಿರದ ಕೋಚಿಗೆ ಹೇಳಿ, ಎಡಗೈ ಎತ್ತಿದರೆ ಬಾಲು, ಬಲಗೈ ಎತ್ತಿದರೆ ಸ್ಟ್ರೈಕು ಅಂತ ಮಾಡಿಕೊಂಡ.

ಇದನ್ನು ಬರೆಯುತ್ತಾ ನನ್ನ ಪೆನ್ನು ನಿಂತುಹೋಯಿತು. ನಾನು ಮಾಡುವುದೂ ಅದೇ ಅಲ್ವಾ? ಅಪ್ಪ "ಏನಂದೆ?" ಅಂತ ತಿರುಗುವಷ್ಟರಲ್ಲಿ ನಾನು ಮುಂದಿನ ಮಾತಿಗೆ ಹೋಗಿರುತ್ತೇನೆ. ಇಲ್ಲವಾದರೆ "ಏನಿಲ್ಲ ಬಿಡಿ". ಅದಕ್ಕೇ ಇರಬೇಕು, ಈಗ ಅವರು ತಿರುಗುವುದನ್ನೇ ಬಿಟ್ಟು ಎಲ್ಲದಕ್ಕೂ ಹ್ಞೂಂ ಅನ್ನುತ್ತಾರೆ.

ಅಯ್ಯೋ, ದೋಸೆಗೆ ನೆನೆಹಾಕಿದ್ದು ಇನ್ನೂ ರುಬ್ಬಿಲ್ಲ. ಹತ್ತೂವರೆ ಆಗಿದೆ.

ರುಬ್ಬಿ ಬಂದೆ. ಅಪ್ಪ ಇನ್ನೂ ಕವರ್ ಹಿಡಿದು ಕೂತಿದ್ದಾರೆ. ಕೊನೆಯ ಸಾಲು ಅವರಿಗೆ ತುಂಬಾ ಹಿಡಿಸಿದೆ: 1961ರ ಅಕ್ಟೋಬರ್ 7, ಇದೇ ಊರಿನ ಕ್ರಾಸ್ಲಿ ಫೀಲ್ಡ್, ವರ್ಲ್ಡ್ ಸೀರೀಸ್ ಅನ್ನುವ ಬೇಸ್‌ಬಾಲ್ ಫೈನಲ್ ಸರಣಿಯ ಮೂರನೇ ಆಟ. ಮೊದಲ ಚೆಂಡು ಎಸೆದು ಆಟ ಶುರು ಮಾಡಿಸಿದವನು 99 ವರ್ಷದ ಹೋಯ್. ಡಿಸೆಂಬರಿನಲ್ಲಿ ತೀರಿಕೊಂಡ. "ಆಗ ನಾನು ಆರನೇ ಕ್ಲಾಸು" ಅಂದರು ಅಪ್ಪ. ಆಮೇಲೆ, "ಅಷ್ಟು ಜನ ಚಪ್ಪಾಳೆ ಹೊಡೆದಿರ್ತಾರೆ. ಅವನಿಗೆ ಹೇಗೆ ಗೊತ್ತಾಗಿರುತ್ತೆ?"

ಅವನು ಆಡುವ ಕಾಲದಲ್ಲಿ ಜನ ಟೋಪಿ ಬೀಸುತ್ತಿದ್ದರಂತೆ ಅಂತ ಬರೆಯಲು ಹೋದೆ, ಕವರಿನಲ್ಲಿ ಜಾಗ ಇರಲಿಲ್ಲ. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೀಸಿ ತೋರಿಸಿದೆ. ಅಪ್ಪ ಗಾಬರಿಯಾಗಿ "ಏನಾಯ್ತೇ?" ಅಂದರು.

ಅವನು ಆಟ ಬಿಟ್ಟ ಮೇಲೆ ಹಸು ಸಾಕಿಕೊಂಡಿದ್ದುದು ಮೌಂಟ್ ಹೆಲ್ದಿಯಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ನಾಳೆ ದೋಸೆ ಆದ ಮೇಲೆ ಕರೆದುಕೊಂಡು ಹೋಗಲಾ ಅಂತ. ಮಷೀನು ಹಾಕಿಕೊಂಡರೆ ಮಾತ್ರ ಅಂತ ಷರತ್ತು ಹಾಕಬೇಕೋ, ಅಥವಾ